ಒಂದೇ ಲಾಗ್, ಎರಡು ಮೇಜು

2020ರ ಡಿಸೆಂಬರ್ 14, ಸೋಮವಾರ. ಭಾರತದಲ್ಲಿ ಸಂಜೆ ಐದೂಕಾಲರ ಸುಮಾರಿಗೆ ಜಿಮೇಲ್ ತೆರೆಯಲಿಲ್ಲ, ಗೂಗಲ್ ಡ್ರೈವ್ ಕೈಕೊಟ್ಟಿತು, ಯೂಟ್ಯೂಬ್ ದೋಷದ ಪುಟ ತೋರಿಸಿತು. ಸುಮಾರು ಮುಕ್ಕಾಲು ಗಂಟೆ ಜಗತ್ತಿನಾದ್ಯಂತ ಇದೇ ಸ್ಥಿತಿ. ಆದರೆ ಲಾಗಿನ್ ಆಗದೆ ಯೂಟ್ಯೂಬ್ ತೆರೆದವರಿಗೆ ವಿಡಿಯೊ ಎಂದಿನಂತೆಯೇ ಓಡುತ್ತಿತ್ತು. ವಿಡಿಯೊಗಳನ್ನು ಇಟ್ಟುಕೊಂಡ ಯಂತ್ರಗಳಿಗಾಗಲಿ ಅವುಗಳನ್ನು ಹೊತ್ತು ತರುವ ಜಾಲಕ್ಕಾಗಲಿ ಏನೂ ಆಗಿರಲಿಲ್ಲ. ಕೆಟ್ಟು ನಿಂತದ್ದು, ಲಾಗಿನ್ ಆದವರು ಯಾರು ಎಂದು ಹೇಳುವ ಒಂದು ಸೇವೆ. ಗೂಗಲ್ ಆಮೇಲೆ ಪ್ರಕಟಿಸಿದ ವರದಿಯಲ್ಲಿ ಕಾರಣ ಸ್ಪಷ್ಟವಾಗಿದೆ. ಅಕ್ಟೋಬರ್‌ನಲ್ಲಿ ಆ ಗುರುತಿನ ಸೇವೆಯನ್ನು, ಯಾವ ಸೇವೆಗೆ ಎಷ್ಟು ಸಂಪನ್ಮೂಲ ಎಂದು ಹಂಚುವ ಹೊಸ ಕೋಟಾ ವ್ಯವಸ್ಥೆಗೆ ಸೇರಿಸಿದ್ದರು. ಹಳೆಯ ವ್ಯವಸ್ಥೆಯ ಒಂದು ಭಾಗ ಹಾಗೇ ಉಳಿದುಕೊಂಡು, ಈ ಸೇವೆಯ ಬಳಕೆ ಸೊನ್ನೆ ಎಂದು ವರದಿ ಮಾಡುತ್ತಲೇ ಇತ್ತು. ಕೋಟಾ ಮಿತಿಯನ್ನು ಜಾರಿ ಮಾಡುವ ಮೊದಲು ಕೊಟ್ಟಿದ್ದ ವಿನಾಯಿತಿಯ ಅವಧಿ ಇದ್ದಷ್ಟು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಅದು ಮುಗಿದದ್ದೇ ತಡ, ಸ್ವಯಂಚಾಲಿತ ವ್ಯವಸ್ಥೆ ಬಳಕೆಯೇ ಇಲ್ಲದ ಸೇವೆಗೆ ಇಷ್ಟು ಪಾಲು ಏಕೆ ಎಂಬಂತೆ ಕೋಟಾವನ್ನು ಇಳಿಸಿಬಿಟ್ಟಿತು. ಸೇವೆಯ ಡೇಟಾಬೇಸ್ ಹೊಸ ಬದಲಾವಣೆಗಳನ್ನು ಬರೆದುಕೊಳ್ಳಲಾಗದೆ ನಿಂತಿತು, ಅದರ ಮಾಹಿತಿ ಹಳತಾಯಿತು. ಹಳೆಯ ಮಾಹಿತಿ ನಂಬಿ ಯಾರನ್ನೂ ಒಳಗೆ ಬಿಡಬಾರದೆಂಬ ಸುರಕ್ಷತಾ ನಿಯಮದಂತೆ ಅದು ಎಲ್ಲರನ್ನೂ ಹೊರಗೆ ನಿಲ್ಲಿಸಿತು.

ಸೊನ್ನೆ ಎಂಬ ಆ ಅಂಕಿಯ ಮೇಲೆ ತುಸು ನಿಲ್ಲಬೇಕು. ಕೋಟಾ ಇಳಿಸುವಾಗ ಅನಾಹುತ ಆಗದಂತೆ ತಡೆಯುವ ತಪಾಸಣೆಗಳು ಅಲ್ಲಿದ್ದವು. ಒಂದೇ ಸೇವೆಯ ಬಳಕೆ ಸೊನ್ನೆಗೆ ಬಿದ್ದರೆ ಏನು ಮಾಡಬೇಕೆಂಬುದು ಮಾತ್ರ ಅವುಗಳ ಲೆಕ್ಕದಲ್ಲಿರಲಿಲ್ಲ. ಕೋಟಿಗಟ್ಟಲೆ ಜನ ಕ್ಷಣಕ್ಷಣವೂ ಲಾಗಿನ್ ಆಗುತ್ತಿರುವ ಸೇವೆಯ ಬಳಕೆ ಸೊನ್ನೆ ಆಗಿರಲು ಸಾಧ್ಯವೇ ಇಲ್ಲ ಎಂದು ಅದರ ಚಟುವಟಿಕೆಯನ್ನು ಬಲ್ಲ ಯಾರಾದರೂ ಒಂದು ನೋಟದಲ್ಲಿ ಹೇಳುತ್ತಿದ್ದರು. ಆರೋಗ್ಯದ ಅಂಕಿಯನ್ನು ಚಟುವಟಿಕೆಯ ಪಕ್ಕದಲ್ಲಿಟ್ಟು ನೋಡುವವರು ಇರಲಿಲ್ಲ, ಅಥವಾ ಹಾಗೆ ನೋಡುವ ಕೆಲಸವನ್ನು ಯಾವ ಯಂತ್ರಕ್ಕೂ ವಹಿಸಿರಲಿಲ್ಲ. ಈ ಲೇಖನದ ವಾದ ಹೊರಡುವುದು ಅಲ್ಲಿಂದಲೇ. ಡೈರೆಕ್ಟರಿ ಸರ್ವರ್‌ಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಎರಡು ಮೇಜುಗಳಿರುತ್ತವೆ. ಸರ್ವರ್ ಎದ್ದಿದೆಯೇ, ಡಿಸ್ಕ್ ತುಂಬಿದೆಯೇ, ಉತ್ತರ ತಡವಾಗುತ್ತಿದೆಯೇ ಎಂದು ಸಿಸ್ಟಂ ವಿಭಾಗದ ಮೇಜು ನೋಡುತ್ತದೆ. ಯಾರು ಬಂದರು, ಏನು ಕೇಳಿದರು, ಯಾರ ಪಾಸ್‌ವರ್ಡ್ ತಪ್ಪಾಯಿತು ಎಂದು ಭದ್ರತಾ ವಿಭಾಗದ ಮೇಜು ನೋಡುತ್ತದೆ. ಬೇರೆ ಎಷ್ಟೋ ಬಗೆಯ ಸರ್ವರ್‌ಗಳಿಗೆ ಈ ವಿಂಗಡಣೆ ಸರಿಹೋದೀತು. ಡೈರೆಕ್ಟರಿ ಸರ್ವರ್‌ಗೆ ಸರಿಹೋಗುವುದಿಲ್ಲ. ಅಲ್ಲಿ ಆರೋಗ್ಯವೂ ಚಟುವಟಿಕೆಯೂ ಒಂದೇ ಸಾಕ್ಷ್ಯ. ಅದನ್ನು ಇಬ್ಭಾಗ ಮಾಡಿ ಹಂಚಿದರೆ ಎರಡೂ ಮೇಜುಗಳಿಗೆ ಅರ್ಧರ್ಧವೇ ಕಾಣುತ್ತದೆ.

ಡೈರೆಕ್ಟರಿ ಸರ್ವರ್ ಎಂದರೆ ಸಂಸ್ಥೆಯ ಜನ, ಗುಂಪು, ಯಂತ್ರಗಳ ಪಟ್ಟಿಯನ್ನೂ ಯಾರಿಗೆ ಯಾವುದಕ್ಕೆ ಪ್ರವೇಶ ಎಂಬ ವಿವರವನ್ನೂ ಇಟ್ಟುಕೊಂಡು, ಕೇಳಿದವರಿಗೆ ಹೇಳುವ ಸರ್ವರ್. ಬೆಳಿಗ್ಗೆ ಕಂಪ್ಯೂಟರಿಗೆ ಲಾಗಿನ್ ಆಗುವುದು, ಕಚೇರಿಯ ವೈ-ಫೈಗೆ ಸೇರುವುದು, ಮೇಲ್‌ನಲ್ಲಿ ಸಹೋದ್ಯೋಗಿಯ ವಿಳಾಸ ಹುಡುಕುವುದು, ವಿಪಿಎನ್ ಮೂಲಕ ಮನೆಯಿಂದ ಕೆಲಸಕ್ಕೆ ಕೂರುವುದು, ಇವೆಲ್ಲದರ ಹಿಂದೆ ಅದಕ್ಕೊಂದು ಪ್ರಶ್ನೆ ಹೋಗುತ್ತದೆ. ಇದರ ಮೂಲ 1988ರ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನದಂಡ. ಅದು ತೀರಾ ಭಾರವಾಯಿತೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ಹಗುರವಾದ ಎಲ್‌ಡ್ಯಾಪ್ ಶಿಷ್ಟಾಚಾರವನ್ನು ಬೆಳೆಸಿದರು. ಅದರ ಮೊದಲ ದಾಖಲೆ ಹೊರಬಂದದ್ದು 1993ರಲ್ಲಿ. 1998ರಲ್ಲಿ ಓಪನ್‌ಎಲ್‌ಡ್ಯಾಪ್ ಯೋಜನೆ ಶುರುವಾಯಿತು, 2000ದಲ್ಲಿ ವಿಂಡೋಸ್ ಜೊತೆ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಬಂತು. ನೆಟ್‌ಸ್ಕೇಪ್ ಕಂಪನಿಯ ಡೈರೆಕ್ಟರಿ ಸರ್ವರ್ ಹಲವರ ಕೈ ಬದಲಾಗಿ ರೆಡ್‌ಹ್ಯಾಟ್ ಸೇರಿ, ಮುಕ್ತ ತಂತ್ರಾಂಶವಾಗಿ, ಎಲ್‌ಡ್ಯಾಪ್‌ನ ಪೋರ್ಟ್ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡು 389 ಡೈರೆಕ್ಟರಿ ಸರ್ವರ್ ಆಗಿ ಉಳಿದಿದೆ. ಮುಂದಿನ ಉದಾಹರಣೆಗಳು ಈ ಮೂರರವು.

ಆರೋಗ್ಯ ಮತ್ತು ಚಟುವಟಿಕೆ ಒಂದೇ ಎಂಬುದು ನನ್ನ ಹೊಸ ಕಲ್ಪನೆಯೇನಲ್ಲ. 1994ರಲ್ಲಿ ಎಕ್ಸ್.500 ಸರ್ವರ್‌ಗಳ ಮೇಲ್ವಿಚಾರಣೆಗೆಂದು ಒಂದು ಮಾನದಂಡ ರೂಪಿಸಿದರು. 1999ರಲ್ಲಿ ಅದನ್ನು ಪರಿಷ್ಕರಿಸಿ, ಎಲ್‌ಡ್ಯಾಪ್ ಸೇರಿದಂತೆ ಎಲ್ಲ ಡೈರೆಕ್ಟರಿ ಸರ್ವರ್‌ಗಳಿಗೆ ಅನ್ವಯಿಸುವಂತೆ ಆರ್‌ಎಫ್‌ಸಿ 2605 ಎಂದು ಹೊರತಂದರು. ಸರ್ವರ್ ಯಾವ ಯಾವ ಸಂಖ್ಯೆಗಳನ್ನು ಎಣಿಸಿ ಹೊರಗೆ ತೋರಿಸಬೇಕೆಂದು ಅದು ಪಟ್ಟಿ ಮಾಡುತ್ತದೆ. ನೆನಪಿನ ಕೋಶದಿಂದಲೇ ಉತ್ತರ ಸಿಕ್ಕದ್ದು ಎಷ್ಟು ಬಾರಿ ಎಂಬ ಶುದ್ಧ ಆರೋಗ್ಯದ ಅಂಕಿ ಅದರಲ್ಲಿದೆ. ಹೆಸರು ಹೇಳದೆ ಬಂದ ಸಂಪರ್ಕ ಎಷ್ಟು, ಸರಳ ಪಾಸ್‌ವರ್ಡ್‌ನಿಂದ ಬಂದದ್ದು ಎಷ್ಟು, ಗಟ್ಟಿ ಪುರಾವೆಯಿಂದ ಬಂದದ್ದು ಎಷ್ಟು, ಗುರುತು ಒಪ್ಪಿಗೆಯಾಗದೆ ಹಿಂದಿರುಗಿಸಿದ್ದು ಎಷ್ಟು ಎಂಬ ಲೆಕ್ಕಗಳೂ ಅದೇ ದಾಖಲೆಯಲ್ಲಿವೆ. ಕಾಲು ಶತಮಾನದ ಹಿಂದೆ ಇದನ್ನು ಬರೆದವರಿಗೆ ಎರಡನ್ನೂ ಬೇರ್ಪಡಿಸಬೇಕೆಂದು ಅನ್ನಿಸಲಿಲ್ಲ. ಬೇರ್ಪಡಿಸಿದ್ದು ಆಮೇಲೆ ಬೆಳೆದ ಸಂಸ್ಥೆಗಳ ವಿಭಾಗಗಳು, ಅವುಗಳ ಬಜೆಟ್‌ಗಳು, ಅವು ಕೊಂಡ ಬೇರೆ ಬೇರೆ ತಂತ್ರಾಂಶಗಳು.

ಮೊದಲು ಸಿಸ್ಟಂ ವಿಭಾಗದ ಮೇಜಿಗೆ ಹೋಗೋಣ. ಅಲ್ಲಿ ಹೆಚ್ಚಾಗಿ ಕಾಣುವ ಪರೀಕ್ಷೆ, 389 ಅಥವಾ 636ನೇ ಪೋರ್ಟ್ ತೆರೆದಿದೆಯೇ ಎಂದು ನಿಮಿಷಕ್ಕೊಮ್ಮೆ ತಟ್ಟಿ ನೋಡುವುದು. ತೆರೆದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು. ಡೈರೆಕ್ಟರಿ ಸರ್ವರ್‌ನ ವಿಷಯದಲ್ಲಿ ಈ ಹಸಿರು ಬಹಳ ಕಡಿಮೆ ಹೇಳುತ್ತದೆ. ಟಿಎಲ್‌ಎಸ್ ಪ್ರಮಾಣಪತ್ರದ ಅವಧಿ ನಿನ್ನೆ ರಾತ್ರಿ ಮುಗಿದಿದ್ದರೆ ಪೋರ್ಟ್ ತೆರೆದೇ ಇರುತ್ತದೆ, ಆದರೆ ಪ್ರಮಾಣಪತ್ರವನ್ನು ಸರಿಯಾಗಿ ಪರಿಶೀಲಿಸುವ ಯಾವ ತಂತ್ರಾಂಶವೂ ಒಳಗೆ ಬರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಓಪನ್‌ಎಲ್‌ಡ್ಯಾಪ್‌ನ ಡೇಟಾಬೇಸಿನದು. ಅದು ಎಷ್ಟು ದೊಡ್ಡದಾಗಿ ಬೆಳೆಯಬಹುದೆಂದು ಮೊದಲೇ ಒಂದು ಮಿತಿ ಹಾಕಿಡಬೇಕು. ಯಾರೂ ಬದಲಿಸದಿದ್ದರೆ ಆ ಮಿತಿ ಬರೀ 10 ಎಂಬಿ. ಮಿತಿ ತುಂಬಿದ ದಿನ ಸರ್ವರ್ ಬಿದ್ದುಹೋಗುವುದಿಲ್ಲ. ಹುಡುಕಾಟಕ್ಕೆ ಉತ್ತರ ಕೊಡುತ್ತದೆ, ಲಾಗಿನ್ ಒಪ್ಪುತ್ತದೆ. ಹೊಸದಾಗಿ ಏನನ್ನೂ ಬರೆದುಕೊಳ್ಳುವುದಿಲ್ಲ, ಅಷ್ಟೇ. ನೌಕರರು ಎಂದಿನಂತೆ ಕೆಲಸ ಮಾಡುತ್ತಿರುತ್ತಾರೆ. ಪಾಸ್‌ವರ್ಡ್ ಬದಲಿಸಹೋದವರಿಗೆ ಮಾತ್ರ ಆಗುವುದಿಲ್ಲ, ಹೊಸದಾಗಿ ಸೇರಿದವರಿಗೆ ಖಾತೆ ಹುಟ್ಟುವುದಿಲ್ಲ, ಕೆಲಸ ಬಿಟ್ಟವರ ಖಾತೆ ಮುಚ್ಚುವುದಿಲ್ಲ. ಈ ಕೊನೆಯದು ಆರೋಗ್ಯದ ತೊಂದರೆಯೋ ಭದ್ರತೆಯ ತೊಂದರೆಯೋ? ಮುಚ್ಚಬೇಕಿದ್ದ ಖಾತೆಯನ್ನು ಯಾರಾದರೂ ಬಳಸಿ ಒಳಬಂದರೆ ಭದ್ರತಾ ವಿಭಾಗಕ್ಕೆ ಅದೊಂದು ಸಹಜ ಲಾಗಿನ್ ಆಗಿ ಕಾಣುತ್ತದೆ. ಡೇಟಾಬೇಸ್ ಬರೆಯುವುದನ್ನು ನಿಲ್ಲಿಸಿದೆ ಎಂದು ಆ ಮೇಜಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಪರೀಕ್ಷೆ ಮಾಡುವುದಾದರೆ ಬಳಕೆದಾರ ಮಾಡುವುದನ್ನೇ ಮಾಡಿ ನೋಡಬೇಕು. ಪರೀಕ್ಷೆಗೆಂದೇ ಇಟ್ಟ, ಹೆಚ್ಚಿನ ಅಧಿಕಾರವಿಲ್ಲದ ಒಂದು ಬಡ ಖಾತೆಯಿಂದ, ಬಳಕೆದಾರರು ಕೂತಿರುವ ಜಾಲದಿಂದಲೇ, ಪ್ರಮಾಣಪತ್ರವನ್ನು ಪರಿಶೀಲಿಸುತ್ತ ಒಳಗೆ ಹೋಗಬೇಕು. ಗೊತ್ತಿರುವ ಒಂದು ದಾಖಲೆಯನ್ನು ಹುಡುಕಿ, ಅದರ ಒಂದು ಅಂಕಣದಲ್ಲಿ ಆ ಹೊತ್ತಿನ ಸಮಯ ಬರೆದು, ಆ ಬದಲಾವಣೆ ಬೇರೆ ಸರ್ವರ್‌ಗಳಲ್ಲಿ ಎಷ್ಟು ಹೊತ್ತಿಗೆ ಕಾಣಿಸಿತು ಎಂದು ಅಳೆಯಬೇಕು. ಇಷ್ಟಕ್ಕೆ ದೊಡ್ಡ ತಂತ್ರಾಂಶ ಬೇಡ, ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಇದಕ್ಕೆ ಆಡಳಿತಾಧಿಕಾರವಿರುವ ಖಾತೆಯ ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆದಿಡುವ ಪದ್ಧತಿ ಮಾತ್ರ ಅಪಾಯಕಾರಿ. ಕಾಯಲೆಂದು ಇಟ್ಟ ಸಾಧನವೇ ಇಡೀ ಡೈರೆಕ್ಟರಿಯ ಕೀಲಿಕೈಯನ್ನು ಹೊತ್ತು ಕೂರುವುದು ಯಾವ ಕಾರಣಕ್ಕೂ ಸಲ್ಲದು.

ಇನ್ನು ವೇಗದ ಮಾತು. 389 ಡೈರೆಕ್ಟರಿ ಸರ್ವರ್ ತನ್ನ ಪ್ರವೇಶ ಲಾಗ್‌ನಲ್ಲಿ ಪ್ರತಿ ಕೋರಿಕೆಗೂ ಒಂದು ಸಾಲು, ಅದರ ಫಲಿತಾಂಶಕ್ಕೆ ಇನ್ನೊಂದು ಸಾಲು ಬರೆಯುತ್ತದೆ. ಯಾವ ಸಂಪರ್ಕ, ಯಾವ ಹುಡುಕಾಟ, ಎಷ್ಟು ದಾಖಲೆ ಸಿಕ್ಕವು, ಎಷ್ಟು ಸಮಯ ಹಿಡಿಯಿತು ಎಲ್ಲವೂ ಅಲ್ಲಿರುತ್ತದೆ. ಈಚಿನ ಆವೃತ್ತಿಗಳಲ್ಲಿ ಆ ಸಮಯವನ್ನೂ ಎರಡಾಗಿ ಒಡೆದು, ಕೋರಿಕೆ ಸರದಿಯಲ್ಲಿ ಕಾದದ್ದು ಎಷ್ಟು, ನಿಜವಾದ ಕೆಲಸಕ್ಕೆ ಹಿಡಿದದ್ದು ಎಷ್ಟು ಎಂದು ತೋರಿಸುತ್ತಾರೆ. ಈ ಒಡೆತ ಬಹಳ ಉಪಕಾರಿ. ಕಾದ ಸಮಯ ಹೆಚ್ಚಿದ್ದು ಕೆಲಸದ ಸಮಯ ಕಡಿಮೆ ಇದ್ದರೆ, ತಡವಾದ ಆ ಕೋರಿಕೆಯಲ್ಲಿ ತಪ್ಪಿಲ್ಲ. ಅದರ ಮುಂದೆ ಬೇರೆ ಯಾರೋ ಸರ್ವರನ್ನು ಹಿಡಿದು ಕೂತಿದ್ದಾರೆ. ಸರಾಸರಿ ನೋಡಿದರೆ ಇದು ಎಂದೂ ತಿಳಿಯುವುದಿಲ್ಲ. ಸಾವಿರ ಕೋರಿಕೆಗಳಲ್ಲಿ 990ಕ್ಕೆ ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಸಿಕ್ಕು, ಉಳಿದ ಹತ್ತಕ್ಕೆ ಐದೈದು ಸೆಕೆಂಡ್ ಹಿಡಿದರೆ ಸರಾಸರಿ ಸುಮಾರು 51 ಮಿಲಿಸೆಕೆಂಡ್ ಬರುತ್ತದೆ. ಡ್ಯಾಶ್‌ಬೋರ್ಡ್‌ಗೆ ಅದೊಂದು ಒಪ್ಪಬಹುದಾದ ಅಂಕಿ, ಆದರೆ ಆ ಐವತ್ತೊಂದನ್ನು ಅನುಭವಿಸಿದವರು ಒಬ್ಬರೂ ಇಲ್ಲ.

ಸರ್ವರನ್ನು ಹೀಗೆ ಹಿಡಿದು ಕೂರುವುದು ಸಾಮಾನ್ಯವಾಗಿ ಸೂಚಿ ಇಲ್ಲದ ಹುಡುಕಾಟ. ಇಂಡೆಕ್ಸ್ ಇಲ್ಲದ ಅಂಕಣದಲ್ಲಿ ಯಾರಾದರೂ ಹುಡುಕಿದರೆ ಸರ್ವರ್ ಪ್ರತಿಯೊಂದು ದಾಖಲೆಯನ್ನೂ ತೆರೆದು ನೋಡಬೇಕಾಗುತ್ತದೆ. 389 ಸರ್ವರ್ ಅಂಥ ಫಲಿತಾಂಶದ ಸಾಲಿನ ಕೊನೆಗೆ ಒಂದು ಗುರುತು ಹಾಕುತ್ತದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಆ ದಾಖಲಾತಿಯನ್ನು ನಾವೇ ಚಾಲೂ ಮಾಡಿಕೊಂಡರೆ, ದುಬಾರಿ ಹುಡುಕಾಟಗಳು 1644 ಸಂಖ್ಯೆಯ ಘಟನೆಯಾಗಿ ಬೀಳುತ್ತವೆ. ಸಿಸ್ಟಂ ವಿಭಾಗದವರು ಇದನ್ನು ಕಂಡರೆ ಕೆಟ್ಟದಾಗಿ ಬರೆದ ತಂತ್ರಾಂಶ ಎಂದುಕೊಂಡು ಇಂಡೆಕ್ಸ್ ಸೇರಿಸಿ ಮುಂದೆ ಹೋಗುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾದ ಚಿಕಿತ್ಸೆಯೇ ಇರಬಹುದು. ಆದರೆ ಸಂಸ್ಥೆಯೊಳಗೆ ನುಸುಳಿದವನು ಮೊದಲು ಮಾಡುವ ಕೆಲಸವೂ ಇದೇ ರೂಪದಲ್ಲಿರುತ್ತದೆ: ಎಲ್ಲ ಬಳಕೆದಾರರನ್ನು, ಎಲ್ಲ ಗುಂಪುಗಳನ್ನು, ಯಾರು ಯಾರಿಗೆ ಒಡೆಯರು ಎಂಬುದನ್ನು ಒಟ್ಟಿಗೆ ಬಾಚಿಕೊಳ್ಳುವ ದೊಡ್ಡ ಹುಡುಕಾಟ. 2016ರಲ್ಲಿ ಬಂದ ಬ್ಲಡ್‌ಹೌಂಡ್‌ನಂಥ ಸಾಧನಗಳು ಈ ನಕ್ಷೆ ಬಿಡಿಸುವ ಕೆಲಸವನ್ನು ಬಹಳ ಸುಲಭ ಮಾಡಿಬಿಟ್ಟಿವೆ. ಬೆಳಿಗ್ಗೆ ಸಂಬಳದ ತಂತ್ರಾಂಶದಿಂದ ಬಂದ ಬಾಚುವ ಹುಡುಕಾಟ ಬೇರೆ, ರಾತ್ರಿ ಎರಡು ಗಂಟೆಗೆ ಸ್ವಾಗತಕಾರರ ಮೇಜಿನ ಕಂಪ್ಯೂಟರಿನಿಂದ ಬಂದದ್ದು ಬೇರೆ. ಎಷ್ಟು ಸಮಯ ಹಿಡಿಯಿತು ಎಂಬುದೊಂದನ್ನೇ ನೋಡುವವರಿಗೆ ಎರಡೂ ಒಂದೇ.

ತಪ್ಪು ಪಾಸ್‌ವರ್ಡಿನ ಕಥೆಯೂ ಹೀಗೆಯೇ. ಎಲ್‌ಡ್ಯಾಪ್‌ನಲ್ಲಿ ಗುರುತು ಒಪ್ಪದಿದ್ದರೆ 49 ಎಂಬ ದೋಷಸಂಖ್ಯೆ ಬರುತ್ತದೆ. ಒಂದು ಬೆಳಿಗ್ಗೆ ಈ 49ರ ಎಣಿಕೆ ನೂರರಿಂದ ಹತ್ತು ಸಾವಿರಕ್ಕೆ ಜಿಗಿದರೆ ಕಾರಣ ಏನು? ಯಾರೋ ಸರ್ವಿಸ್ ಖಾತೆಯೊಂದರ ಪಾಸ್‌ವರ್ಡ್ ಬದಲಿಸಿ, ಅದನ್ನು ಬಳಸುವ ನಾಲ್ಕು ತಂತ್ರಾಂಶಗಳಲ್ಲಿ ಒಂದಕ್ಕೆ ಹೇಳಲು ಮರೆತಿರಬಹುದು. ಅದು ಸೆಕೆಂಡಿಗೊಮ್ಮೆ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಬಂದು ಬಾಗಿಲು ತಟ್ಟುತ್ತಿರಬಹುದು. ಅಥವಾ ಹೊರಗಿನವನೊಬ್ಬ ಎಲ್ಲರಿಗೂ ಹೊಳೆಯಬಹುದಾದ ಒಂದೇ ಪಾಸ್‌ವರ್ಡನ್ನು ಸಾವಿರಾರು ಖಾತೆಗಳ ಮೇಲೆ ಒಂದೊಂದು ಸಲ ಪ್ರಯೋಗಿಸುತ್ತಿರಬಹುದು. ಖಾತೆಗೆ ಒಂದೇ ತಪ್ಪು ಬೀಳುವುದರಿಂದ ಯಾವ ಖಾತೆಯೂ ಲಾಕ್ ಆಗುವುದಿಲ್ಲ. ಒಂದೇ ವಿಳಾಸದಿಂದ ಒಂದೇ ಖಾತೆ, ಗಡಿಯಾರದ ತಾಳಕ್ಕೆ: ಮೊದಲನೆಯದು. ಕೆಲವೇ ವಿಳಾಸಗಳಿಂದ ನೂರಾರು ಖಾತೆ, ಚದುರಿದಂತೆ: ಎರಡನೆಯದು. ವ್ಯತ್ಯಾಸ ತಿಳಿಯುವುದು ಒಟ್ಟು ಎಣಿಕೆಯಿಂದಲ್ಲ, ಅದನ್ನು ಬಿಡಿಸಿ ನೋಡುವುದರಿಂದ. ಬಿಡಿಸಲು ಬೇಕಾದ ವಿವರ ಭದ್ರತೆಯವರ ಲಾಗ್‌ನಲ್ಲಿ, ನಿನ್ನೆ ಸಂಜೆ ಯಾವ ಪಾಸ್‌ವರ್ಡ್ ಬದಲಾಯಿತು ಎಂಬ ತಿಳಿವಳಿಕೆ ಸಿಸ್ಟಂನವರ ತಲೆಯಲ್ಲಿ. ಇಬ್ಬರೂ ಒಂದೇ ಪರದೆಯ ಮುಂದೆ ಕೂತರೆ ಹತ್ತು ನಿಮಿಷದಲ್ಲಿ ತೀರುವ ಪ್ರಶ್ನೆ, ಎರಡು ವಿಭಾಗಗಳ ನಡುವೆ ಟಿಕೆಟ್ ಆಗಿ ಓಡಾಡಿದರೆ ಎರಡು ದಿನ ತಿನ್ನುತ್ತದೆ.

ನನ್ನ ವಾದ ಅತಿ ಗಟ್ಟಿಯಾಗಿ ನಿಲ್ಲುವುದು ರೆಪ್ಲಿಕೇಷನ್ ವಿಷಯದಲ್ಲಿ. ಡೈರೆಕ್ಟರಿಯನ್ನು ಸಾಮಾನ್ಯವಾಗಿ ಒಂದೇ ಸರ್ವರ್‌ನಲ್ಲಿ ಇಡುವುದಿಲ್ಲ. ಎರಡು, ಹತ್ತು, ನೂರು ಸರ್ವರ್‌ಗಳಲ್ಲಿ ಪ್ರತಿಗಳಿರುತ್ತವೆ, ಒಂದರಲ್ಲಾದ ಬದಲಾವಣೆ ಉಳಿದವಕ್ಕೆ ಹರಿಯುತ್ತದೆ. ಒಂದೇ ಜಮೀನಿಗೆ ಎರಡು ಕಚೇರಿಗಳ ಪಹಣಿಯಲ್ಲಿ ಎರಡು ಹೆಸರಿದ್ದರೆ ಏನಾಗುತ್ತದೋ, ಪ್ರತಿಗಳ ನಡುವೆ ಹೊಂದಾಣಿಕೆ ತಪ್ಪಿದ ಡೈರೆಕ್ಟರಿಯಲ್ಲಿಯೂ ಅದೇ ಆಗುತ್ತದೆ: ಎರಡೂ ಅಧಿಕೃತ, ಎರಡೂ ಆತ್ಮವಿಶ್ವಾಸದಿಂದ ಉತ್ತರ ಕೊಡುತ್ತವೆ, ಯಾವುದು ನಿಜವೆಂದು ಕೇಳಿದವನಿಗೆ ತಿಳಿಯುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಬೇರೆ ಬೇರೆ ಊರಿನ ತಾಣಗಳ ನಡುವೆ ಬದಲಾವಣೆ ಹರಿಯುವ ಅಂತರ, ಯಾರೂ ಕೈಹಾಕದಿದ್ದರೆ, 180 ನಿಮಿಷ. ಎಲ್ಲವೂ ಆರೋಗ್ಯವಾಗಿದ್ದಾಗಲೇ ಮೂರು ಗಂಟೆ. ಹರಿವು ಕಡಿದುಹೋದರೆ ಆ ಮೂರು ಗಂಟೆ ಮೂರು ವಾರವಾದೀತು. ಬೆಂಗಳೂರಿನಲ್ಲಿ ಮುಚ್ಚಿದ ಖಾತೆ ಇನ್ನೊಂದು ಊರಿನ ಸರ್ವರ್‌ನಲ್ಲಿ ಅಷ್ಟೂ ದಿನ ಜೀವಂತ. ಇನ್ನೂ ಗಂಭೀರವಾದದ್ದು, ಬಹಳ ಕಾಲ ಸಂಪರ್ಕ ಕಳೆದುಕೊಂಡ ಸರ್ವರ್ ಮರಳಿ ಬಂದಾಗ ಆಗುವ ತೊಂದರೆ. ಅಳಿಸಿದ ದಾಖಲೆಯ ಕುರುಹನ್ನು ಆಕ್ಟಿವ್ ಡೈರೆಕ್ಟರಿ ಒಂದು ಅವಧಿಯವರೆಗೆ ಇಟ್ಟುಕೊಂಡಿರುತ್ತದೆ. ಮೊದಲು ಅದು 60 ದಿನ ಇತ್ತು, ವಿಂಡೋಸ್ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕ್ ನಂತರ ಹೊಸದಾಗಿ ಕಟ್ಟಿದವಕ್ಕೆ 180 ದಿನ. ಅದಕ್ಕಿಂತ ಹೆಚ್ಚು ಕಾಲ ದೂರವಿದ್ದ ಸರ್ವರ್‌ಗೆ ಯಾವುದು ಅಳಿದದ್ದು ಎಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ. ಅಳಿಸಿಹೋದ ಖಾತೆಗಳು ಅದರಲ್ಲಿ ಹಾಗೇ ಕೂತಿರುತ್ತವೆ.

ಚಟುವಟಿಕೆಯ ಅಂಕಿಗಳೂ ಈ ಹರಿವನ್ನು ಅವಲಂಬಿಸಿವೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಬಳಕೆದಾರ ಕೊನೆಯದಾಗಿ ಯಾವಾಗ ಲಾಗಿನ್ ಆದ ಎಂದು ತೋರಿಸುವ ಅಂಕಣ ಎರಡಿವೆ. ಒಂದು ಪ್ರತಿ ಸರ್ವರ್‌ನಲ್ಲಿ ತನ್ನದೇ ಆಗಿರುತ್ತದೆ, ಬೇರೆಡೆಗೆ ಹರಿಯುವುದೇ ಇಲ್ಲ. ಇನ್ನೊಂದು ಹರಿಯುತ್ತದೆ, ಆದರೆ ಜಾಲದ ಮೇಲೆ ಹೊರೆ ಬೀಳಬಾರದೆಂದು ಅದನ್ನು ಸುಮಾರು ಎರಡು ವಾರಕ್ಕೊಮ್ಮೆ ಮಾತ್ರ ಹೊಸದಾಗಿ ಬರೆಯುತ್ತಾರೆ. ಬಳಕೆಯಲ್ಲಿಲ್ಲದ ಖಾತೆಗಳ ಪಟ್ಟಿ ಕೇಳಿದ ಆಡಿಟರ್‌ಗೆ ಒಂದೇ ಸರ್ವರ್‌ನ ಮೊದಲ ಅಂಕಣ ತೋರಿಸಿದರೆ, ದಿನವೂ ಕೆಲಸಕ್ಕೆ ಬರುವವರೂ ಅದರಲ್ಲಿ ವರ್ಷದಿಂದ ಮಲಗಿದವರಂತೆ ಕಂಡಾರು.

ಇಲ್ಲಿಯವರೆಗೆ ಆರೋಗ್ಯದ ತೊಂದರೆ ಹೇಗೆ ಭದ್ರತೆಯ ತೊಂದರೆಯಾಗುತ್ತದೆ ಎಂದು ನೋಡಿದೆವು. ತಿರುಗುಮುರುಗಾಗಿಯೂ ಆಗುತ್ತದೆ: ಸಂಪೂರ್ಣ ಆರೋಗ್ಯದ ಲಕ್ಷಣವೇ ಕಳ್ಳತನವಾಗಿರಬಹುದು. 2015ರಲ್ಲಿ ಮಿಮಿಕ್ಯಾಟ್ಜ್ ಎಂಬ ಸಾಧನಕ್ಕೆ ಡಿಸಿಸಿಂಕ್ ಎಂಬ ತಂತ್ರ ಸೇರಿಕೊಂಡಿತು. ಕಳ್ಳ ಇದರಲ್ಲಿ ಯಾವ ಸರ್ವರನ್ನೂ ಒಡೆಯುವುದಿಲ್ಲ. ರೆಪ್ಲಿಕೇಷನ್ ಹಕ್ಕಿರುವ ಖಾತೆಯೊಂದನ್ನು ಹೇಗೋ ದಕ್ಕಿಸಿಕೊಂಡು, ತಾನೂ ಒಂದು ಡೊಮೈನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿಯ ಸರ್ವರ್) ಎಂಬಂತೆ ನಿಂತು, ನಿನ್ನಲ್ಲಿರುವ ಬದಲಾವಣೆಗಳನ್ನು ನನಗೂ ಕೊಡು ಎಂದು ಶಿಸ್ತಾಗಿ ಕೇಳುತ್ತಾನೆ. ನಿಜವಾದ ಸರ್ವರ್ ಶಿಸ್ತಾಗಿಯೇ ಕೊಡುತ್ತದೆ, ಪಾಸ್‌ವರ್ಡಿನ ಹ್ಯಾಶ್‌ಗಳ ಸಮೇತ. ಆರೋಗ್ಯದ ಫಲಕದಲ್ಲಿ ಇದು ದೋಷವಿಲ್ಲದೆ ಮುಗಿದ ಒಂದು ರೆಪ್ಲಿಕೇಷನ್, ಅಷ್ಟೇ. ಇದನ್ನು ಹಿಡಿಯಲು 4662 ಸಂಖ್ಯೆಯ ಘಟನೆಗಳನ್ನು ನೋಡುತ್ತ, ಕೇಳಿದ ಖಾತೆ ನಮ್ಮ ಡೊಮೈನ್ ಕಂಟ್ರೋಲರ್‌ಗಳ ಪಟ್ಟಿಯಲ್ಲಿದೆಯೇ ಎಂದು ಹೊಂದಿಸಬೇಕು. ಆ ಪಟ್ಟಿ ಸದಾ ಸರಿಯಾಗಿರುವುದು ಸಿಸ್ಟಂ ವಿಭಾಗದಲ್ಲಿ, ಘಟನೆ ಬೀಳುವುದು ಭದ್ರತೆಯವರ ಪೆಟ್ಟಿಗೆಯಲ್ಲಿ.

ಎರಡೂ ಮೇಜುಗಳು ಒಂದೇ ಸಾಕ್ಷ್ಯವನ್ನು ನೋಡಲಿ ಎಂಬ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತಿ ಗೌರವಾರ್ಹವಾದದ್ದು ಅಧಿಕಾರ ವಿಭಜನೆಯದು. ಸರ್ವರ್ ನಡೆಸುವವರನ್ನೂ ಅವರ ಮೇಲೆ ಕಣ್ಣಿಡುವವರನ್ನೂ ಬೇರೆ ಇಟ್ಟಿರುವುದು ಬೇಕೆಂದೇ. ಎರಡನ್ನೂ ಒಬ್ಬರ ಕೈಗೆ ಕೊಟ್ಟರೆ ಬೇಲಿಯೇ ಹೊಲ ಮೇಯ್ದಾಗ ಹೇಳುವವರಿಲ್ಲ. ಈ ಆಕ್ಷೇಪ ಸರಿ. ಬ್ಯಾಂಕಿನಂಥ ಕಡೆ ಅದು ಕೈಬಿಡಲಾಗದ ನಿಯಮವೂ ಹೌದು. ಆದರೆ ವಿಭಜನೆ ಬೇಕಾದದ್ದು ಬದಲಿಸುವ, ಅಳಿಸುವ ಅಧಿಕಾರದಲ್ಲಿ. ನೋಡುವ ಅವಕಾಶಕ್ಕೂ ಅದನ್ನೇ ಹೇರಬೇಕಾಗಿಲ್ಲ. ಲಾಗ್‌ನ ಒಂದು ಪ್ರತಿ, ಹುಟ್ಟಿದ ಕೂಡಲೇ, ಬೇರೆ ಯಂತ್ರಕ್ಕೆ ಹೋಗಲಿ, ಅಲ್ಲಿ ಸರ್ವರ್ ನಡೆಸುವವರಿಗೆ ಅಳಿಸುವ ಹಕ್ಕು ಬೇಡ. ಅದನ್ನು ಓದುವ ಹಕ್ಕು ಇಬ್ಬರಿಗೂ ಇರಲಿ. ಸರ್ವರ್ ನಡೆಸುವವರೇ ಮಾಡಿದ ಬದಲಾವಣೆಗಳ ದಾಖಲೆ ಇದರಲ್ಲಿ ಮುಖ್ಯ. 389 ಡೈರೆಕ್ಟರಿ ಸರ್ವರ್‌ನಲ್ಲಿ ಯಾರು ಯಾವ ದಾಖಲೆಯಲ್ಲಿ ಏನು ಬದಲಿಸಿದರು ಎಂದು ಬರೆಯುವ ಆಡಿಟ್ ಲಾಗ್ ಮೊದಲಿಂದ ನಿಷ್ಕ್ರಿಯವಾಗಿಯೇ ಬರುತ್ತದೆ, ಅದನ್ನು ಕೈಯಾರೆ ಚಾಲೂ ಮಾಡಬೇಕು. ಎಷ್ಟೋ ಕಡೆ ಯಾರೂ ಮಾಡಿರುವುದಿಲ್ಲ, ಏಕೆಂದರೆ ಆ ಕೆಲಸ ತಮ್ಮದೆಂದು ಎರಡೂ ಮೇಜುಗಳಿಗೆ ಅನ್ನಿಸಿರುವುದಿಲ್ಲ.

ಅಲರ್ಟ್‌ಗಳು ವಿಪರೀತವಾಗುತ್ತವೆ ಎಂಬುದು ಎರಡನೆಯ ಆಕ್ಷೇಪ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಹೊರದೇಶದ ಸರ್ವರ್‌ಗಳನ್ನು ಕಾಯುವ ಸಾವಿರಾರು ಯುವಕ ಯುವತಿಯರಿಗೆ ಈ ದಣಿವು ಚೆನ್ನಾಗಿ ಗೊತ್ತು. ಅವರ ಪರದೆಗೆ ಇನ್ನಷ್ಟು ಕೆಂಪು ಸೇರಿಸುವುದನ್ನು ಯಾರೂ ಹಗುರವಾಗಿ ಸೂಚಿಸಬಾರದು. ಆದರೆ ಎರಡೂ ಸಾಕ್ಷ್ಯಗಳು ಕೂಡಿದಾಗ ಅಲರ್ಟ್ ಕಡಿಮೆಯಾಗುತ್ತದೆ. ಪಾಸ್‌ವರ್ಡ್ ಬದಲಾವಣೆಯ ದಾಖಲೆಯೂ 49ರ ಏರಿಕೆಯೂ ಒಂದೇ ಕಡೆ ಇದ್ದರೆ, ಮರೆತ ಸರ್ವಿಸ್ ಖಾತೆಗಾಗಿ ಭದ್ರತಾ ವಿಭಾಗದವರನ್ನು ನಿದ್ದೆಯಿಂದ ಎಬ್ಬಿಸಬೇಕಾಗಿಲ್ಲ. ಜೊತೆಗೆ ಡೈರೆಕ್ಟರಿಗೆ ತನ್ನದೇ ದಿನಚರಿ ಇರುತ್ತದೆ: ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಏರುವುದು, ಊಟದ ಹೊತ್ತಿಗೆ ಇಳಿಯುವುದು, ಹಬ್ಬದ ದಿನ ಸುಮ್ಮನಿರುವುದು. ಸ್ಥಿರವಾದ ಒಂದು ಮಿತಿ ದಾಟಿದಾಗ ಕೂಗುವ ಬದಲು, ಹಿಂದಿನ ನಾಲ್ಕಾರು ಸೋಮವಾರಗಳಿಗಿಂತ ಈ ಸೋಮವಾರ ಬೇರೆಯಾದಾಗ ಕೂಗಿದರೆ ಕೂಗಿಗೆ ಅರ್ಥವಿರುತ್ತದೆ. ಆಗ ಕೆಳಗಿನ ಮಿತಿಯನ್ನೂ ಕಾಯಬಹುದು. ಕೆಲಸದ ದಿನ ಹನ್ನೊಂದು ಗಂಟೆಗೆ ಕೋರಿಕೆಗಳು ಸೊನ್ನೆ ಎಂದರೆ ಅದು ಶಾಂತಿಯಲ್ಲ.

ಖಾಸಗಿತನದ ಆಕ್ಷೇಪವನ್ನು ನಾನು ಇನ್ನೂ ಗಂಭೀರವಾಗಿ ಕಾಣುತ್ತೇನೆ. ಡೈರೆಕ್ಟರಿಯ ಲಾಗ್ ಎಂದರೆ ಯಾರು ಎಷ್ಟು ಗಂಟೆಗೆ ಕೆಲಸ ಶುರು ಮಾಡಿದರು, ಎಲ್ಲಿಂದ ಮಾಡಿದರು, ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದರ ಕಥನವೂ ಹೌದು. ಅದನ್ನು ಹಾಜರಾತಿ ಪುಸ್ತಕವಾಗಿ ಬಳಸುವ ಆಸೆ ಯಾವ ಮೇಲಧಿಕಾರಿಗೂ ಬರಬಹುದು. ಲಾಗ್‌ನಲ್ಲಿ ಪಾಸ್‌ವರ್ಡ್ ಇರುವುದಿಲ್ಲ ಎಂದು ಸಮಾಧಾನ ಹೇಳುವವರು ಒಂದು ಸಂಗತಿ ಮರೆಯುತ್ತಾರೆ: ಗಡಿಬಿಡಿಯಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಬೆರಳಚ್ಚಿಸುವವರು ಇದ್ದೇ ಇರುತ್ತಾರೆ, ಆಗ ಅದು ವಿಫಲ ಲಾಗಿನ್‌ನ ಹೆಸರಾಗಿ ಲಾಗ್‌ನಲ್ಲಿ ಉಳಿಯುತ್ತದೆ. ಹುಡುಕಾಟದ ಸಾಲುಗಳಲ್ಲಿ ಮೊಬೈಲ್ ಸಂಖ್ಯೆ, ಮೇಲ್ ವಿಳಾಸಗಳಿರುತ್ತವೆ. ಆದ್ದರಿಂದ ಲಾಗ್ ಅನ್ನು ಡೈರೆಕ್ಟರಿಯಷ್ಟೇ ಜೋಪಾನ ಮಾಡಬೇಕು, ಅದನ್ನು ಯಾರು ಯಾವಾಗ ಓದಿದರು ಎಂಬುದೂ ದಾಖಲಾಗಬೇಕು, ಯಾವ ಉದ್ದೇಶಕ್ಕೆ ಓದಬಹುದೆಂದು ನೌಕರರಿಗೆ ಮೊದಲೇ ಬರೆದು ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವ ದೇಶದಲ್ಲಿ ಇದು ಸೌಜನ್ಯಕ್ಕೆ ಬಿಟ್ಟ ಮಾತಲ್ಲ.

ಡೈರೆಕ್ಟರಿ ಈಗ ಕ್ಲೌಡ್‌ಗೆ ಹೋಗಿದೆ, ಅದರ ಆರೋಗ್ಯ ಕಂಪನಿಯ ಹೊಣೆ ಎನ್ನುವವರಿಗೆ ಮೊದಲ ಪ್ಯಾರಾದ ಗೂಗಲ್ ಪ್ರಕರಣವೇ ಉತ್ತರ. ಯಂತ್ರದ ಡಿಸ್ಕ್, ಮೆಮೊರಿ ನೋಡುವ ಕೆಲಸ ಕಂಪನಿಗೆ ಹೋದದ್ದು ನಿಜ. ಆದರೆ ಯಾವ ಲಾಗಿನ್ ನಮ್ಮಲ್ಲಿ ಸಹಜ, ಯಾವುದು ಅಲ್ಲ, ಕೆಲಸ ಬಿಟ್ಟವರ ಖಾತೆ ನಿಜಕ್ಕೂ ಮುಚ್ಚಿತೇ ಎಂಬುದು ಆ ಕಂಪನಿಗೆ ತಿಳಿಯುವ ವಿಷಯವಲ್ಲ. ಅಲ್ಲದೆ ಬಹಳ ಸಂಸ್ಥೆಗಳು ಒಳಗಿನ ಡೈರೆಕ್ಟರಿಯನ್ನು ಉಳಿಸಿಕೊಂಡೇ ಅದರ ಪ್ರತಿಯನ್ನು ಕ್ಲೌಡ್‌ಗೆ ಹರಿಸುತ್ತವೆ. ಅಂದರೆ ಕಾಯಬೇಕಾದ ಹರಿವು ಇನ್ನೊಂದು ಸೇರಿತು.

ಭಾರತದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಈ ವಿಷಯಕ್ಕೆ ನೇರವಾಗಿ ತಾಗುತ್ತವೆ. ಎಲ್ಲ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿರಬೇಕು. ಗಡಿಯಾರದ ಮಾತು ಸಣ್ಣದೆಂದು ಕಾಣಬಹುದು, ಡೈರೆಕ್ಟರಿಗೆ ಅದು ಉಸಿರು. ಒಂದೇ ದಾಖಲೆಯನ್ನು ಎರಡು ಸರ್ವರ್‌ಗಳು ಬದಲಿಸಿದಾಗ ಯಾವುದು ನಂತರದ್ದು ಎಂದು 389 ಸರ್ವರ್ ಆಗಲಿ ಓಪನ್‌ಎಲ್‌ಡ್ಯಾಪ್ ಆಗಲಿ ತೀರ್ಮಾನಿಸುವುದು ಸಮಯದ ಮುದ್ರೆ ನೋಡಿ. ಆಕ್ಟಿವ್ ಡೈರೆಕ್ಟರಿ ಬಳಸುವ ಕರ್ಬರಾಸ್ ಲಾಗಿನ್‌ನಲ್ಲಿ ಎರಡು ಯಂತ್ರಗಳ ಗಡಿಯಾರ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಪ್ರವೇಶವೇ ಇಲ್ಲ. ನಿರ್ದೇಶನ ಲಾಗ್ ಇಡಲು ಹೇಳುತ್ತದೆ. ಇಟ್ಟ ಲಾಗ್ ಅನ್ನು ಓದುವವರು ಇರಬೇಕೆಂಬುದು ನಮಗೆ ಬಿಟ್ಟದ್ದು. 180 ದಿನದ ಲಾಗ್ ಮೂಟೆ ಕಟ್ಟಿ ಮೂಲೆಗಿಟ್ಟ ಸಂಸ್ಥೆಗೆ, ಆರು ಗಂಟೆಯ ಗಡುವು ಶುರುವಾಗುವ ಆ ಗಮನಕ್ಕೆ ಬಂದ ಕ್ಷಣವೇ ಬರುವುದಿಲ್ಲ.

ಇಬ್ಬರೇ ಸಿಬ್ಬಂದಿ ಇರುವ ಕಾಲೇಜು, ಸಹಕಾರಿ ಬ್ಯಾಂಕು ಇಷ್ಟೆಲ್ಲ ಮಾಡುವುದು ಹೇಗೆ ಎಂದು ಕೇಳಬಹುದು. ಅಚ್ಚರಿಯೆಂದರೆ ಅವರಿಗೆ ಇದು ಸುಲಭ, ಅಲ್ಲಿ ಮೇಜು ಇರುವುದೇ ಒಂದು. 389 ಸರ್ವರ್ ತನ್ನ ಜೊತೆಯೇ ಒಂದು ಆರೋಗ್ಯ ತಪಾಸಣೆಯ ಆದೇಶವನ್ನೂ ಲಾಗ್ ಸಾರಾಂಶ ಮಾಡುವ ಸಾಧನವನ್ನೂ ಕೊಡುತ್ತದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಡಿಸಿಡಯಾಗ್, ರೆಪ್‌ಅಡ್ಮಿನ್ ಎಂಬ ತಪಾಸಣಾ ಸಾಧನಗಳಿವೆ. ದಿನಕ್ಕೊಮ್ಮೆ ಅವುಗಳ ಫಲಿತಾಂಶವನ್ನೂ ವಾರಕ್ಕೊಮ್ಮೆ ವಿಫಲ ಲಾಗಿನ್‌ಗಳ ಪಟ್ಟಿಯನ್ನೂ ಒಬ್ಬರೇ ಕೂತು ನೋಡಿದರೆ ಮೇಲೆ ಹೇಳಿದ ಬಹುಪಾಲು ತೊಂದರೆಗಳು ಕಣ್ಣಿಗೆ ಬೀಳುತ್ತವೆ. ಅವರೂ ಬಿಟ್ಟುಬಿಡಬಾರದ ಒಂದು ಪರೀಕ್ಷೆಯನ್ನು 2017ರ ಜೂನ್ 27ರ ಘಟನೆ ತೋರಿಸಿಕೊಟ್ಟಿದೆ. ಅಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ದಾಳಿಯಲ್ಲಿ ಡೆನ್ಮಾರ್ಕಿನ ಹಡಗು ಸಾಗಣೆ ಕಂಪನಿ ಮರ್ಸ್ಕ್‌ನ ಸುಮಾರು 150 ಡೊಮೈನ್ ಕಂಟ್ರೋಲರ್‌ಗಳು ಒಟ್ಟಿಗೆ ಅಳಿಸಿಹೋದವು. ಬೇರೆ ಸರ್ವರ್‌ಗಳ ಬ್ಯಾಕಪ್ ಸಿಕ್ಕಿತು, ಡೈರೆಕ್ಟರಿಯ ಬ್ಯಾಕಪ್ ಮಾತ್ರ ಎಲ್ಲೂ ಇರಲಿಲ್ಲ. ಒಂದಕ್ಕೊಂದು ಪ್ರತಿಯಾಗಿ ಅಷ್ಟು ಸರ್ವರ್‌ಗಳಿದ್ದಾಗ ಎಲ್ಲವೂ ಒಮ್ಮೆಗೇ ಹೋಗುತ್ತವೆಂದು ಯಾರೂ ಎಣಿಸಿರಲಿಲ್ಲ. ಕೊನೆಗೆ ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು. ದಾಳಿಗೆ ಮೊದಲೇ ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಕಡಿದುಕೊಂಡಿತ್ತು. ಅದರ ಮಾಹಿತಿಯನ್ನು ಜಾಲದ ಮೂಲಕ ಕಳಿಸಲು ವೇಗ ಸಾಲದೆ, ಘಾನಾದ ಸಿಬ್ಬಂದಿಗೆ ಬ್ರಿಟನ್ನಿನ ವೀಸಾ ಇಲ್ಲದೆ, ನೈಜೀರಿಯಾದಲ್ಲಿ ಡಿಸ್ಕನ್ನು ಕೈ ಬದಲಾಯಿಸಿ ಇಂಗ್ಲೆಂಡಿಗೆ ಒಯ್ದರು. ಆ ಘಟನೆಯಲ್ಲಿ ಕಂಪನಿಗೆ 25ರಿಂದ 30 ಕೋಟಿ ಡಾಲರ್ ನಷ್ಟವಾಯಿತೆಂದು ಅಂದಾಜು. ರೆಪ್ಲಿಕೇಷನ್ ಎಷ್ಟೇ ಚೆನ್ನಾಗಿ ಹರಿಯುತ್ತಿದ್ದರೂ ಅದು ಬ್ಯಾಕಪ್ ಅಲ್ಲ, ತಪ್ಪು ಅಳಿಸುವಿಕೆಯನ್ನೂ ಅದು ಅಷ್ಟೇ ಚೆನ್ನಾಗಿ ಹರಿಸುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆಯಾದರೂ ಡೈರೆಕ್ಟರಿಯ ಬ್ಯಾಕಪ್ಪನ್ನು ಜಾಲಕ್ಕೆ ಸೇರಿಸದ ಒಂದು ಯಂತ್ರದಲ್ಲಿ ಮರುಸ್ಥಾಪಿಸಿ, ದಾಖಲೆಗಳ ಎಣಿಕೆಯನ್ನು ನಡೆಯುತ್ತಿರುವ ಸರ್ವರ್‌ನ ಎಣಿಕೆಯೊಡನೆ ಹೋಲಿಸಿ, ಪರೀಕ್ಷೆಯ ಆ ಬಡ ಖಾತೆಯಿಂದ ಅದಕ್ಕೆ ಲಾಗಿನ್ ಆಗಿ ನೋಡಬೇಕು. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಡ್ಯಾಶ್‌ಬೋರ್ಡ್‌ನಲ್ಲಿ ಉಳಿದ ಅಂಕಿಗಳ ಜೊತೆ ಬರೆದಿಡಬೇಕು.